ಸೆಪ್ಟೆಂಬರ್‌ನ ಫುಟ್‌ಬಾಲ್: ಅಂಕ ಬಿಡಿ, ಆ ಐದು ಮಂದಿಯನ್ನು ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದ ಫುಟ್‌ಬಾಲ್ ಲೀಗ್, ಅಂದರೆ ಎನ್‌ಎಫ್‌ಎಲ್, 2025ರ ಸೀಸನ್ ಶುರು ಮಾಡಿ ಮೂರು ವಾರ ಆಯಿತು; ಇದು ಆ ಸೆಪ್ಟೆಂಬರ್ ಕೊನೆಯ ಮಾತು. ಒಟ್ಟು 32 ತಂಡ. ಒಂದೊಂದೂ ಆಡಿರುವುದು ಮೂರೇ ಪಂದ್ಯ. ಅಷ್ಟರಲ್ಲೇ ಇಲ್ಲಿ ಎಲ್ಲರ ತೀರ್ಪೂ ಬಂದಾಗಿದೆ. ಸೂಪರ್ ಬೌಲ್‌ಗೆ, ಅಂದರೆ ಫೈನಲ್‌ಗೆ, ಯಾರು ಹೋಗುತ್ತಾರೆ, ಯಾವ ಕೋಚ್‌ನ ಕೆಲಸ ಹೋಗುತ್ತದೆ, ಯಾವ ಕ್ವಾರ್ಟರ್‌ಬ್ಯಾಕ್‌ನ (ದಾಳಿ ನಡೆಸುತ್ತಾ ಚೆಂಡು ಎಸೆಯುವವನ) ಕಥೆ ಮುಗಿಯಿತು, ಎಲ್ಲರಿಗೂ ಎಲ್ಲಾ ಗೊತ್ತು. ನಾನು ಇರುವುದು ಡೆಟ್ರಾಯಿಟ್ ಪಕ್ಕದಲ್ಲಿ. ಡೆಟ್ರಾಯಿಟ್ ಲಯನ್ಸ್ ನನ್ನ ತಂಡ. ಆದ್ದರಿಂದ ನನ್ನ ಮಾತಿನಲ್ಲಿ ಪಕ್ಷಪಾತ ಇದ್ದೇ ಇರುತ್ತದೆ. ಅದನ್ನು ಸೋಸಿಕೊಂಡು ಕೇಳಿ.

ಒಂದು ತಂಡಕ್ಕೆ ಇಡೀ ಸೀಸನ್‌ನಲ್ಲಿ ಸಿಗುವುದು 17 ಪಂದ್ಯ ಮಾತ್ರ. ಇದೇ ದೇಶದ ಬೇಸ್‌ಬಾಲ್‌ನಲ್ಲಿ 162. ಅಲ್ಲಿ ಮೂರು ಸೋತರೆ ಯಾರೂ ಕೇಳುವುದಿಲ್ಲ. ಇಲ್ಲಿ ವಾರಕ್ಕೊಂದೇ ಆಟ. ಸೋತರೆ ಮುಂದಿನ ಆಟದ ತನಕ ಆ ಸೋಲನ್ನೇ ಅಗಿಯುತ್ತಾ ಕೂರಬೇಕು. ಜನ ತೀರ್ಪು ಕೊಡುವ ಆತುರಕ್ಕೆ ಅರ್ಧ ಕಾರಣ ಇದೇ ಇರಬೇಕು.

ಮೊದಲು ನಮ್ಮ ಮನೆಯ ವಿಷಯ. ಸೆಪ್ಟೆಂಬರ್ 7ರಂದು ಲಯನ್ಸ್ ಗ್ರೀನ್ ಬೇಗೆ ಹೋಗಿ ಪ್ಯಾಕರ್ಸ್ ಎದುರು 27-13ರಲ್ಲಿ ಸೋತಿತು. ಅಂಕಕ್ಕಿಂತ ಸೋತ ರೀತಿ ಕೆಟ್ಟದಾಗಿತ್ತು. ಚೆಂಡು ಹಿಡಿದು ಓಡುವವರಿಗೆ ಜಾಗವೇ ಇಲ್ಲ. ನಮ್ಮ ಕ್ವಾರ್ಟರ್‌ಬ್ಯಾಕ್ ಜ್ಯಾರೆಡ್ ಗಾಫ್‌ಗೆ ಉಸಿರಾಡಲು ಪುರುಸೊತ್ತಿಲ್ಲ. ಮರುದಿನ ಆಫೀಸಿನಲ್ಲಿ ಒಂದೇ ಮಾತು: ಬೆನ್ ಜಾನ್ಸನ್ ಹೋದ, ಎಲ್ಲಾ ಹೋಯಿತು. ಈ ಜಾನ್ಸನ್ ನಮ್ಮ ದಾಳಿಯ ಯೋಜನೆಗಳನ್ನೆಲ್ಲ ಹೆಣೆಯುತ್ತಿದ್ದ ಕೋಚ್. ಕಳೆದ ಜನವರಿಯಲ್ಲಿ ಶಿಕಾಗೊ ಬೇರ್ಸ್ ತಂಡಕ್ಕೆ ಮುಖ್ಯ ಕೋಚ್ ಆಗಿ ಹೊರಟುಹೋದ. ರಕ್ಷಣೆ ನೋಡಿಕೊಳ್ಳುತ್ತಿದ್ದ ಆ್ಯರನ್ ಗ್ಲೆನ್ ಕೂಡ ನ್ಯೂಯಾರ್ಕ್ ಜೆಟ್ಸ್‌ಗೆ ಹೋದ. ಎರಡು ಕೈಯೂ ಒಟ್ಟಿಗೇ ಹೋದ ಹಾಗಾಯಿತು ಅಂತ ಜನ ಮರುಗಿದರು.

ಮುಂದಿನ ಭಾನುವಾರ ಅದೇ ಜಾನ್ಸನ್ ಬೇರ್ಸ್ ತಂಡ ಕರೆದುಕೊಂಡು ನಮ್ಮ ಫೋರ್ಡ್ ಫೀಲ್ಡ್‌ಗೆ ಬಂದ. ನಾವು ಗೆದ್ದೆವು, 52-21! ಗಾಫ್ ಐದು ಟಚ್‌ಡೌನ್ ಪಾಸ್ ಎಸೆದ (ಟಚ್‌ಡೌನ್ ಅಂದರೆ ಚೆಂಡನ್ನು ಎದುರಾಳಿಯ ಗೋಲಿನ ಗೆರೆ ದಾಟಿಸುವುದು). ಅದರಲ್ಲಿ ಮೂರು ಆಮನ್-ರಾ ಸೇಂಟ್ ಬ್ರೌನ್ ಕೈಗೆ. ಆಟ ಕೈಗೆ ಬಂದ ಮೇಲೂ ನಾಲ್ಕನೇ ಡೌನ್‌ನಲ್ಲಿ, ಅಂದರೆ ಕೊನೆಯ ಪ್ರಯತ್ನದಲ್ಲಿ, ಪಾಸ್ ಎಸೆದು ಇನ್ನೊಂದು ಟಚ್‌ಡೌನ್ ಮಾಡಿದರು. ಅಷ್ಟು ಬೇಕಿತ್ತಾ ಅಂತ ಕೆಲವರು ಕೇಳಿದರು. ಬೇಕಿತ್ತು ಅಂತ ನಾನು ಹೇಳುತ್ತೇನೆ. ಪಕ್ಷಪಾತ ಅಂತ ಆಗಲೇ ಹೇಳಿದ್ದೇನಲ್ಲ! ಆಮೇಲೆ ಮೊನ್ನೆ 22ನೇ ತಾರೀಖು ಸೋಮವಾರ ರಾತ್ರಿ ಬಾಲ್ಟಿಮೋರ್‌ನಲ್ಲಿ ರೇವನ್ಸ್ ತಂಡವನ್ನು 38-30ಕ್ಕೆ ಸೋಲಿಸಿದೆವು. ಆ ಆಟದಲ್ಲಿ ಒಮ್ಮೆ 98 ಗಜ, ಇನ್ನೊಮ್ಮೆ 96 ಗಜ ಸಾಗಿ ಟಚ್‌ಡೌನ್ ಮಾಡಿದರು. ಮೈದಾನ ಇರುವುದೇ ನೂರು ಗಜ. ಅಂದರೆ ನಮ್ಮ ಗೋಲಿನ ಬಾಗಿಲಲ್ಲಿ ಹೊರಟು ಅವರ ಗೋಲಿನ ತನಕ, ರೇವನ್ಸ್‌ನಂಥ ತಂಡವನ್ನು ಇಂಚಿಂಚಾಗಿ ಹಿಂದಕ್ಕೆ ತಳ್ಳಿಕೊಂಡು ಹೋದರು.

ಈಗ ಆಫೀಸಿನಲ್ಲಿ ಜಾನ್ಸನ್ ಹೆಸರು ಎತ್ತುವವರೇ ಇಲ್ಲ.

ಹಾಗಾದರೆ ಒಂದೇ ವಾರದಲ್ಲಿ ತಂಡ ಬದಲಾಯಿತಾ? ಕೋಚ್ ಅದೇ, ಕ್ವಾರ್ಟರ್‌ಬ್ಯಾಕ್ ಅದೇ. ನನಗೆ ಅನಿಸುವುದು ಬೇರೆ. ಉತ್ತರ ಇರುವುದು ಟಿವಿ ಕ್ಯಾಮೆರಾ ಅಷ್ಟಾಗಿ ನೋಡದ ಕಡೆ, ಮುಂದಿನ ಸಾಲಿನಲ್ಲಿ.

ಆಟ ನೋಡದವರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ದಾಳಿ ಮಾಡುವ ತಂಡಕ್ಕೆ ನಾಲ್ಕು ಪ್ರಯತ್ನ. ಅಷ್ಟರಲ್ಲಿ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತದೆ. ಪ್ರತಿ ಪ್ರಯತ್ನಕ್ಕೂ ಮುಂಚೆ ಐದು ದೈತ್ಯರು ಸಾಲಾಗಿ ಬಗ್ಗಿ ನಿಲ್ಲುತ್ತಾರೆ. ಒಬ್ಬೊಬ್ಬ 140 ಕಿಲೋ ಆಸುಪಾಸು. ಇವರು ಚೆಂಡು ಹಿಡಿದು ಓಡುವುದಿಲ್ಲ, ಎಸೆಯುವುದಿಲ್ಲ. ಎದುರಿನವರನ್ನು ತಡೆಯುವುದು, ತಳ್ಳುವುದು, ಇಷ್ಟೇ ಕೆಲಸ. ಮಧ್ಯದಲ್ಲಿ ಇರುವವನು ಸೆಂಟರ್. ಕಾಲ ಸಂದಿಯಿಂದ ಚೆಂಡನ್ನು ಹಿಂದಕ್ಕೆ ಕೊಡುವವನು ಅವನೇ. ಎದುರಿನವರು ಹೇಗೆ ನಿಂತಿದ್ದಾರೆ ಅಂತ ನೋಡಿ, ಯಾರು ಯಾರನ್ನು ಹಿಡಿಯಬೇಕು ಅಂತ ಕೂಗಿ ಹೇಳುವವನೂ ಅವನೇ. ಕಬಡ್ಡಿಯಲ್ಲಿ ಕೈ ಕೈ ಹಿಡಿದು ಸರಪಳಿ ಮಾಡಿದವರಲ್ಲಿ ಒಬ್ಬ ಅರೆಗಳಿಗೆ ತಡ ಮಾಡಿದರೆ ರೈಡರ್ ನುಣುಚಿಕೊಳ್ಳುತ್ತಾನಲ್ಲ, ಹಾಗೇ ಇಲ್ಲೂ. ನಾಲ್ವರು ಸರಿಯಾಗಿ ಮಾಡಿ ಒಬ್ಬ ತಪ್ಪಿದರೂ ಕ್ವಾರ್ಟರ್‌ಬ್ಯಾಕ್ ನೆಲಕ್ಕೆ ಬೀಳುತ್ತಾನೆ.

ಡೆಟ್ರಾಯಿಟ್‌ಗೆ ಫ್ರಾಂಕ್ ರ‍್ಯಾಗ್ನೋ ಅನ್ನುವ ಸೆಂಟರ್ ಇದ್ದ. 2020ರಲ್ಲಿ ಗಂಟಲಿಗೆ ಪೆಟ್ಟು ಬಿದ್ದು ಅಲ್ಲಿನ ಮೃದುಮೂಳೆ ಮುರಿದರೂ ಆ ಪಂದ್ಯ ಪೂರ್ತಿ ಆಡಿದವನು. ಈ ಜೂನ್‌ನಲ್ಲಿ, 29ನೇ ವಯಸ್ಸಿಗೇ, ಮೈ ಕೇಳುತ್ತಿಲ್ಲ ಅಂತ ನಿವೃತ್ತಿ ಹೇಳಿದ. ಸೆಂಟರ್‌ನ ಬಲಪಕ್ಕ ನಿಲ್ಲುತ್ತಿದ್ದ ಗಾರ್ಡ್ ಕೆವಿನ್ ಜೈಟ್ಲರ್ ಟೆನೆಸಿಗೆ ಹೋಗಿದ್ದ. ಹಾಗಾಗಿ ಗ್ರಹಾಂ ಗ್ಲ್ಯಾಸ್ಗೋನನ್ನು ಗಾರ್ಡ್ ಜಾಗದಿಂದ ಮಧ್ಯಕ್ಕೆ ತಂದರು. ಅವನ ಒಂದು ಪಕ್ಕ ಎರಡನೇ ವರ್ಷದ ಕ್ರಿಶ್ಚಿಯನ್ ಮಹೋಗನಿ. ಇನ್ನೊಂದು ಪಕ್ಕ ಈಗಷ್ಟೇ ಕಾಲೇಜು ಬಿಟ್ಟು ಬಂದ ಟೇಟ್ ರ‍್ಯಾಟ್ಲೆಜ್. ಐದರಲ್ಲಿ ಮೂರು ಜಾಗ ಹೊಸದು. ಮೊದಲ ಪಂದ್ಯವೇ ಹೊರಗಡೆ, ಆ ಗದ್ದಲದಲ್ಲಿ. ಸಾಲದ್ದಕ್ಕೆ ಎದುರಿಗೆ, ಸಾಲು ಒಡೆದು ಕ್ವಾರ್ಟರ್‌ಬ್ಯಾಕ್ ಮೇಲೆ ಬೀಳುವುದರಲ್ಲಿ ಹೆಸರಾದ ಮೈಕಾ ಪಾರ್ಸನ್ಸ್. ಅವನನ್ನು ಪ್ಯಾಕರ್ಸ್ ಸೀಸನ್‌ಗೆ ಒಂದು ವಾರ ಇರುವಾಗ ಡಲ್ಲಾಸ್‌ನಿಂದ ತಂದಿದ್ದರು.

ಇಲ್ಲಿ ಇನ್ನೊಂದು ವಿಷಯ ಇದೆ. ಆಗಸ್ಟ್‌ನಲ್ಲಿ ನಡೆಯುವ ಅಭ್ಯಾಸ ಪಂದ್ಯಗಳಲ್ಲಿ ಮುಖ್ಯ ಆಟಗಾರರನ್ನು ಈಗ ಹೆಚ್ಚಿನ ಕೋಚ್‌ಗಳು ಇಳಿಸುವುದೇ ಇಲ್ಲ. ಗಾಯವಾದರೆ ಗತಿ ಏನು ಅನ್ನುವ ಭಯ. 2011ರಲ್ಲಿ ಆಟಗಾರರ ಸಂಘ ಮಾಡಿಕೊಂಡ ಒಪ್ಪಂದದ ನಂತರ, ದಿನಕ್ಕೆ ಎರಡು ಸಲ ಪ್ಯಾಡ್ ಕಟ್ಟಿ ಗುದ್ದಾಡುವ ಅಭ್ಯಾಸವೂ ನಿಂತಿತು. ಆಟಗಾರರ ಮೈಗೆ ಅದು ಒಳ್ಳೆಯದೇ. ಆದರೆ ಐದು ಜನ ಒಬ್ಬರ ಹೆಗಲು ಇನ್ನೊಬ್ಬರಿಗೆ ಗೊತ್ತಾಗುವ ಹಾಗೆ ಆಡಲು ನಿಜವಾದ ಏಟು ತಿನ್ನಬೇಕು. ಆ ಕಲಿಕೆ ಈಗ ಸೆಪ್ಟೆಂಬರ್‌ಗೆ ಬಂದು ಕೂತಿದೆ. ಲೆಕ್ಕಕ್ಕೆ ಬರುವ ಪಂದ್ಯದಲ್ಲೇ ಕಲಿಯಬೇಕು. ಗ್ರೀನ್ ಬೇಯಲ್ಲಿ ನಾವು ನೋಡಿದ್ದು ತಾಲೀಮು. ಟಿಕೆಟ್ ಮಾತ್ರ ನಾಟಕದ್ದು.

ಇದಕ್ಕೆ ತಿರುಗುಮುರುಗಾದ ಕಥೆ ಕಳೆದ ವರ್ಷದ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡದ್ದು. 2024ರ ಮೊದಲ ವಾರ ಕೆರೊಲಿನಾ ಪ್ಯಾಂಥರ್ಸ್ ಮೇಲೆ 47-10. ಎರಡನೇ ವಾರ ಡಲ್ಲಾಸ್‌ಗೇ ಹೋಗಿ ಕೌಬಾಯ್ಸ್ ಮೇಲೆ 44-19. ದೇಶವೆಲ್ಲಾ ಬೆರಗಾಯಿತು. ಮೂರನೇ ವಾರ ಫಿಲಡೆಲ್ಫಿಯಾ ಎದುರು ಆಟ ಶುರುವಾದ ಸ್ವಲ್ಪ ಹೊತ್ತಿಗೇ ಅವರ ಸೆಂಟರ್ ಎರಿಕ್ ಮೆಕಾಯ್ ಗಾಯಗೊಂಡು ಹೊರಗೆ ಹೋದ. ಆ ದಿನ ಸಿಕ್ಕಿದ್ದು 12 ಅಂಕ, 15-12ರಲ್ಲಿ ಸೋಲು. ಅಲ್ಲಿಂದ ಸತತವಾಗಿ ಏಳು ಸೋತರು. ಏಳನೆಯದು ಯಾರ ಕೈಯಲ್ಲಿ ಗೊತ್ತಾ? ಮೊದಲ ವಾರ ಚಚ್ಚಿ ಹಾಕಿದ್ದ ಅದೇ ಕೆರೊಲಿನಾ ಕೈಯಲ್ಲಿ, 23-22. ಮರುದಿನ ಕೋಚ್ ಡೆನಿಸ್ ಆ್ಯಲನ್ ಮನೆಗೆ. ಸೀಸನ್ ಕೊನೆಗೆ 5 ಗೆಲುವು, 12 ಸೋಲು. ಬೇರೆ ಗಾಯಗಳೂ ಆದವು, ಕ್ವಾರ್ಟರ್‌ಬ್ಯಾಕ್ ಡೆರೆಕ್ ಕಾರ್ ಕೂಡ ಬಿದ್ದ. ಆದರೆ ಬಿರುಕು ಬಿಟ್ಟಿದ್ದು ಆ ಮಧ್ಯದ ಜಾಗದಲ್ಲೇ ಅಂತ ನನ್ನ ನಂಬಿಕೆ.

ಈ ವರ್ಷ ಎಲ್ಲರೂ ಗಾಬರಿಯಾಗಿರುವುದು ಕಾನ್ಸಸ್ ಸಿಟಿ ಚೀಫ್ಸ್ ಬಗ್ಗೆ. ಸತತ ಮೂರು ವರ್ಷ ಸೂಪರ್ ಬೌಲ್‌ಗೆ ಹೋದ ತಂಡ. ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಇರುವ ತಂಡ. ಮೊದಲ ಎರಡೂ ಪಂದ್ಯ ಸೋತಿತು. ಬ್ರೆಜಿಲ್‌ನ ಸಾವ್ ಪಾವ್ಲೊದಲ್ಲಿ ಚಾರ್ಜರ್ಸ್ ಎದುರು 27-21, ಆಮೇಲೆ ತಮ್ಮ ಮೈದಾನದಲ್ಲೇ ಈಗಲ್ಸ್ ಎದುರು 20-17. ಮೂರನೇ ವಾರ ಜೈಂಟ್ಸ್ ಮೇಲೆ ಗೆದ್ದು ಉಸಿರು ಬಿಟ್ಟರು. ಇವರ ಕಾಲ ಮುಗಿಯಿತಾ ಅಂತ ಟಿವಿಯಲ್ಲಿ ಬೆಳಗ್ಗೆ ಸಂಜೆ ಚರ್ಚೆ.

ನನ್ನ ಪ್ರಕಾರ ಅವರು ಕೆಟ್ಟದಾಗಿಲ್ಲ. ಕಳೆದ ವರ್ಷವೇ ಜನ ಅಂದುಕೊಂಡಷ್ಟು ಚೆನ್ನಾಗಿರಲಿಲ್ಲ. 2024ರಲ್ಲಿ 15 ಗೆದ್ದು 2 ಸೋತರು, ನಿಜ. ಅದರಲ್ಲಿ 11 ಗೆಲುವು ಎಂಟು ಅಂಕದೊಳಗಿನವು. ಅಂಥ ಬಿಗಿ ಪಂದ್ಯ ಒಂದೂ ಸೋಲಲಿಲ್ಲ. ಮೊದಲ ದಿನ ಬಾಲ್ಟಿಮೋರ್‌ನ ಐಸಾಯಾ ಲೈಕ್ಲಿ ಕೊನೆಯ ಕ್ಷಣದಲ್ಲಿ ಪಾಸ್ ಹಿಡಿದ. ಕಾಲ ತುದಿ ಗೆರೆಗೆ ತಾಗಿದ್ದರಿಂದ ಅದು ಟಚ್‌ಡೌನ್ ಆಗಲಿಲ್ಲ, ಇಲ್ಲವಾದರೆ ಆ ಪಂದ್ಯದ ಕಥೆಯೇ ಬೇರೆ. ಡೆನ್ವರ್ ಎದುರು, ಅವರು ಗೋಲಿಗೆ ಹೊಡೆದ ಕೊನೆಯ ಒದೆತವನ್ನು ಕೈಯಿಂದ ತಡೆದು ಎರಡು ಅಂಕದಲ್ಲಿ ಉಳಿದುಕೊಂಡರು. ಇಂಥ ಅದೃಷ್ಟ ವರ್ಷ ವರ್ಷ ಬರುವುದಿಲ್ಲ. ಅಷ್ಟೆಲ್ಲಾ ಗೆದ್ದು ಫೆಬ್ರವರಿಯಲ್ಲಿ ಸೂಪರ್ ಬೌಲ್‌ಗೆ ಹೋದಾಗ ಏನಾಯಿತು? ಫಿಲಡೆಲ್ಫಿಯಾದ ರಕ್ಷಣೆಯ ಮುಂದಿನ ಸಾಲು ಮಹೋಮ್ಸ್‌ನನ್ನು ಅಟ್ಟಾಡಿಸಿ ಹೊಡೆಯಿತು. 40-22. ಮತ್ತೆ ಅದೇ ಸಾಲಿನ ವಿಷಯ, ಅಲ್ವಾ?

ಇಂಡಿಯಾನಾಪೊಲಿಸ್ ಕೋಲ್ಟ್ಸ್ ಬಗ್ಗೆಯೂ ಒಂದು ಮಾತು. ಮೂರಕ್ಕೆ ಮೂರು ಗೆದ್ದಿದ್ದಾರೆ. ಅವರ ಕ್ವಾರ್ಟರ್‌ಬ್ಯಾಕ್ ಡೇನಿಯಲ್ ಜೋನ್ಸ್, ಕಳೆದ ನವೆಂಬರ್‌ನಲ್ಲಿ ನ್ಯೂಯಾರ್ಕ್ ಜೈಂಟ್ಸ್ ಬೇಡ ಅಂತ ಕೈಬಿಟ್ಟವನು. ಮೊದಲ ಎರಡು ಪಂದ್ಯಗಳಲ್ಲಿ ಅವರು ಒಂದು ಸಲವೂ ಚೆಂಡನ್ನು ಪಂಟ್ ಮಾಡಿ, ಅಂದರೆ ದೂರಕ್ಕೆ ಒದ್ದು, ಎದುರಾಳಿಗೆ ಒಪ್ಪಿಸಲಿಲ್ಲ. ನೋಡಲು ಬಹಳ ಚೆಂದ. ಆದರೆ ಅವರು ಸೋಲಿಸಿದ ಮಯಾಮಿ, ಟೆನೆಸಿ ಎರಡೂ ಇನ್ನೂ ಒಂದು ಗೆಲುವೂ ಕಾಣದ ತಂಡಗಳು. ಡೆನ್ವರ್ ಮೇಲಿನ 29-28ರ ಗೆಲುವು ಎದುರಾಳಿಯ ತಪ್ಪಿನಿಂದ ಸಿಕ್ಕ ಎರಡನೇ ಒದೆತದ ಕೃಪೆ. ಇನ್ನೊಂದು ತಿಂಗಳು ಸುಮ್ನೆ ನೋಡೋಣ.

ಹೂಸ್ಟನ್ ಟೆಕ್ಸನ್ಸ್ ಇದಕ್ಕೆ ಉಲ್ಟಾ. ಮೂರಕ್ಕೆ ಮೂರು ಸೋಲು. ಐದು ಅಂಕದಲ್ಲಿ ಒಂದು, ಒಂದು ಅಂಕದಲ್ಲಿ ಒಂದು, ಏಳು ಅಂಕದಲ್ಲಿ ಒಂದು. ರಕ್ಷಣೆ ಗಟ್ಟಿಯಾಗಿದೆ. ಗೆಲುವೇ ಕಾಣದ ಆರು ತಂಡಗಳಲ್ಲಿ ಮೇಲೆ ಏಳುವ ತಾಕತ್ತು ಇರುವುದು ಇದಕ್ಕೇ ಅಂತ ನನ್ನ ಲೆಕ್ಕ. ಅವರ ನೋವು ಎಲ್ಲಿದೆ ಅಂದರೆ, ಮಾರ್ಚ್‌ನಲ್ಲಿ ತಮ್ಮ ಎಡತುದಿಯ ಕಾವಲುಗಾರ ಲರೆಮಿ ಟನ್ಸಿಲ್‌ನನ್ನು ವಾಷಿಂಗ್‌ಟನ್‌ಗೆ ಕೊಟ್ಟುಬಿಟ್ಟರು. ಪಾಪ, ಕ್ವಾರ್ಟರ್‌ಬ್ಯಾಕ್ ಸಿ.ಜೆ. ಸ್ಟ್ರೌಡ್ ಚೆಂಡು ಕೈಗೆ ಬಂದ ಕೂಡಲೇ ಓಡಬೇಕು.

ಸಿನ್ಸಿನಾಟಿ ಬಗ್ಗೆ ಹೇಳಲು ಬೇಜಾರು. ಅವರ ಕ್ವಾರ್ಟರ್‌ಬ್ಯಾಕ್ ಜೋ ಬರೋ ಎರಡನೇ ವಾರವೇ ಕಾಲ್ಬೆರಳಿಗೆ ಗಾಯ ಮಾಡಿಕೊಂಡು ಹೊರಗೆ ಕೂತ. 2020ರಲ್ಲಿ ಮಂಡಿ, 2023ರಲ್ಲಿ ಮಣಿಕಟ್ಟು, ಈಗ ಬೆರಳು. ಅವನಿಲ್ಲದೆ ಮಿನೆಸೋಟಾದಲ್ಲಿ 48-10ರಲ್ಲಿ ಸೋತರು.

ಲಯನ್ಸ್ ಅಭಿಮಾನಿಗೆ ಸೆಪ್ಟೆಂಬರ್ ಸೋಲು ಅಷ್ಟಾಗಿ ತಟ್ಟುವುದಿಲ್ಲ. 2008ರಲ್ಲಿ 16ಕ್ಕೆ 16 ಪಂದ್ಯ ಸೋತ ತಂಡ ಇದು. 2022ರಲ್ಲಿ ಮೊದಲ ಏಳರಲ್ಲಿ ಒಂದೇ ಗೆದ್ದಿತ್ತು. ಕೋಚ್ ಡ್ಯಾನ್ ಕ್ಯಾಂಬೆಲ್‌ನನ್ನು ಕಳಿಸಿ ಅಂತ ಕೂಗೆದ್ದಿತ್ತು. ಕಳಿಸಲಿಲ್ಲ. ಉಳಿದ ಹತ್ತರಲ್ಲಿ ಎಂಟು ಗೆದ್ದರು. ಮುಂದಿನ ವರ್ಷ ಸೂಪರ್ ಬೌಲ್‌ನ ಹಿಂದಿನ ಮೆಟ್ಟಿಲ ತನಕ ಹೋಗಿ, ಅರ್ಧ ಆಟಕ್ಕೆ 24-7ರಲ್ಲಿ ಮುಂದಿದ್ದೂ ಸ್ಯಾನ್ ಫ್ರಾನ್ಸಿಸ್ಕೊ ಎದುರು 34-31ರಲ್ಲಿ ಸೋತರು. ಕಳೆದ ವರ್ಷ 15 ಗೆದ್ದು ಪ್ಲೇಆಫ್‌ನ ಮೊದಲ ಆಟದಲ್ಲೇ ಹೊರಗೆ. ಸೂಪರ್ ಬೌಲ್ ಮೈದಾನಕ್ಕೆ ಈ ತಂಡ ಇದುವರೆಗೆ ಕಾಲೇ ಇಟ್ಟಿಲ್ಲ. ಕೊನೆಯ ಬಾರಿ ಚಾಂಪಿಯನ್ ಆದದ್ದು 1957ರಲ್ಲಿ, ಸೂಪರ್ ಬೌಲ್ ಹುಟ್ಟುವುದಕ್ಕೂ ಮುಂಚೆ. ಆರ್‌ಸಿಬಿ ಕಪ್ ಗೆಲ್ಲಲು 18 ಸೀಸನ್ ಕಾಯಿಸಿತು ಅಂತ ನಾವು ಎಷ್ಟು ಹಲುಬಿದೆವು! ಇಲ್ಲಿಯ ಅಜ್ಜಂದಿರು 68 ವರ್ಷದಿಂದ ‘ಈ ಸಲ ಕಪ್ ನಮ್ದೇ’ ಅಂತಿದ್ದಾರೆ, ಇಂಗ್ಲಿಷ್‌ನಲ್ಲಿ.

ಈ ಭಾನುವಾರ, ಸೆಪ್ಟೆಂಬರ್ 28ರಂದು, ಫೋರ್ಡ್ ಫೀಲ್ಡ್‌ಗೆ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಬರುತ್ತಿದೆ. ಕಳೆದ ವಾರ ಅವರು ಪ್ಯಾಕರ್ಸ್‌ಗೆ 13-10ರಲ್ಲಿ ಸೋಲುಣಿಸಿದರು. ನಮ್ಮನ್ನು ಹೊಡೆದ ಪ್ಯಾಕರ್ಸ್ ಬ್ರೌನ್ಸ್ ಕೈಲಿ ಸೋತಿತು. ನಾವು 52 ಅಂಕ ಹೊಡೆದ ಬೇರ್ಸ್ ಮರುವಾರವೇ ಡಲ್ಲಾಸ್ ಮೇಲೆ 31-14ರಲ್ಲಿ ಗೆದ್ದಿತು. ಇದರಿಂದ ಯಾರು ಯಾರಿಗಿಂತ ಮೇಲು ಅಂತ ಲೆಕ್ಕ ಹಾಕಲು ಹೋದರೆ ತಲೆ ಕೆಡುತ್ತದೆ. ನಾನು ನೋಡುವುದು ಬ್ರೌನ್ಸ್‌ನ ಮೈಲ್ಸ್ ಗ್ಯಾರೆಟ್‌ನನ್ನು. ಸಾಲು ಒಡೆಯುವುದರಲ್ಲಿ ಅವನಂಥವರು ಕಡಿಮೆ. ಅವನು ಒಳಕ್ಕೆ ನುಗ್ಗಿದಾಗ ಗ್ಲ್ಯಾಸ್ಗೋ ಸಮಯಕ್ಕೆ ಸರಿಯಾಗಿ ಕೂಗುತ್ತಾನಾ, ಆ ಹೊಸ ಹುಡುಗ ರ‍್ಯಾಟ್ಲೆಜ್ ಕಾಲೂರಿ ನಿಲ್ಲುತ್ತಾನಾ ಅನ್ನುವುದು ನನಗೆ ಅಂಕಕ್ಕಿಂತ ಜಾಸ್ತಿ ಮುಖ್ಯ. ಪಂದ್ಯ ಇಲ್ಲಿ ಮಧ್ಯಾಹ್ನ ಒಂದು ಗಂಟೆಗೆ. ಕರ್ನಾಟಕದಲ್ಲಿ ಆಗ ರಾತ್ರಿ ಹತ್ತೂವರೆ. ಊಟ ಮುಗಿಸಿ ಎಚ್ಚರ ಇದ್ದರೆ ನೋಡಿ. ನಮಸ್ಕಾರ.