ಹಸಿದ ಹುಳ, ಹಾಜರಿ ಪುಸ್ತಕ

ಕೇಳುಗರಿಗೆ ನಮಸ್ಕಾರ. ಮಳೆ ಜೋರಾಗಿದೆ. ಎಷ್ಟೋ ಮನೆಗಳಲ್ಲಿ ಕರೆಂಟ್ ಇರಲಿಕ್ಕಿಲ್ಲ. ಬ್ಯಾಟರಿ ರೇಡಿಯೋ ಹಚ್ಚಿಕೊಂಡು ಕೂತ ಅಂಗನವಾಡಿ ಟೀಚರುಗಳೇ, ಕಾಫಿ ತೋಟದ ಲೈನ್ ಮನೆಗಳ ಅಮ್ಮಂದಿರೇ, ಮೊಮ್ಮಕ್ಕಳನ್ನು ನೋಡಿಕೊಳ್ಳುವ ಅಜ್ಜ ಅಜ್ಜಿಯರೇ, ಇವತ್ತಿನ ಮಾತು ನಿಮಗೆ. ನಾನು ಹೇಳುವುದು ಒಂದೇ. ಪುಸ್ತಕವನ್ನು ಬೀರುವಿನಿಂದ ಹೊರಗೆ ತೆಗೆಯಿರಿ. ಮಗುವಿನ ಕೈಗೆ ಕೊಡಿ.

ಇವತ್ತು ಜೂನ್ 25. ಎರಿಕ್ ಕಾರ್ಲ್ ಹುಟ್ಟಿದ ದಿನ. ಮಕ್ಕಳಿಗಾಗಿ ತಾವೇ ಕಥೆ ಕಟ್ಟಿ, ತಾವೇ ಚಿತ್ರ ಮಾಡಿದವರು. 1929ರಲ್ಲಿ ಅಮೆರಿಕದ ಸಿರಾಕ್ಯೂಸ್‌ನಲ್ಲಿ ಹುಟ್ಟಿದರು. ಆರು ವರ್ಷದವರಿದ್ದಾಗ ಅಪ್ಪ ಅಮ್ಮ ತಮ್ಮ ದೇಶ ಜರ್ಮನಿಗೆ ಕರೆದುಕೊಂಡು ಹೋದರು. ಯುದ್ಧ ಬಂತು. ಅಪ್ಪ ಸೈನ್ಯಕ್ಕೆ ಸೇರಬೇಕಾಯಿತು, ರಷ್ಯಾದವರ ಕೈಗೆ ಸೆರೆ ಸಿಕ್ಕರು. ಆದರೆ ಆ ಅಪ್ಪ ಅಷ್ಟರೊಳಗೇ ಒಂದು ದೊಡ್ಡ ಕೆಲಸ ಮಾಡಿಬಿಟ್ಟಿದ್ದರು. ಮಗನ ಕೈ ಹಿಡಿದು ಕಾಡು ಸುತ್ತಿಸಿದ್ದರು. ಕಲ್ಲು ಎತ್ತಿ, ತೊಗಟೆ ಸರಿಸಿ, ಅಡಿಯಲ್ಲಿದ್ದ ಹುಳಹುಪ್ಪಟೆ ತೋರಿಸಿದ್ದರು. ನಮ್ಮ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ, ಅಲ್ವಾ? ಶಾಲೆಗೆ ಬರುವಷ್ಟರಲ್ಲಿ ಕಾಲಿಗೆ ನಾಲ್ಕು ಜಿಗಣೆ ಹತ್ತಿರುತ್ತವೆ.

ಅವರ ಎಲ್ಲಕ್ಕಿಂತ ಹೆಸರಾದ ಪುಸ್ತಕ 'ದಿ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್'. 1969ರದ್ದು. ಒಂದು ಪುಟ್ಟ ಹುಳ, ವಿಪರೀತ ಹಸಿವು. ಸೋಮವಾರ ಒಂದು ಸೇಬು, ಮಂಗಳವಾರ ಎರಡು ಪೇರ್, ಹೀಗೇ ಶುಕ್ರವಾರಕ್ಕೆ ಐದು ಕಿತ್ತಳೆ. ಹುಳ ತಿಂದ ಕಡೆಯಲ್ಲೆಲ್ಲ ಹಾಳೆಗೆ ನಿಜವಾದ ತೂತು! ಬೆರಳು ತೂರಿಸಬಹುದು. ಪಂಚಿಂಗ್ ಮಷಿನ್‌ನಲ್ಲಿ ಕಾಗದದ ಕಟ್ಟಿಗೆ ಸುಮ್ನೆ ತೂತು ಹಾಕುತ್ತಿದ್ದಾಗ ಅವರಿಗೆ ಇದು ಹೊಳೆಯಿತಂತೆ. ಈ ಪಂಚಿಂಗ್ ಮಷಿನ್ ನೆನಪಿಟ್ಟುಕೊಳ್ಳಿ.

ಕೆಲವು ವರ್ಷದ ಹಿಂದೆ ಒಂದು ಅಂಗನವಾಡಿಗೆ ಹೋಗಿದ್ದೆ. ಯಾವ ಊರು ಅಂತ ಕೇಳಬೇಡಿ. ಕಕ್ಕಡದ ಮಳೆ, ಅಂದರೆ ಜುಲೈ-ಆಗಸ್ಟ್ ನಡುವಿನ ನಮ್ಮ ಕೊಡಗಿನ ತಿಂಗಳ ಮಳೆ. ಮೂಲೆಯಲ್ಲಿ ಒಂದು ಬೀರು, ಬೀರುವಿಗೆ ಬೀಗ. ಒಳಗೆ ಚಂದಚಂದದ ಪುಸ್ತಕಗಳು ಬೂಷ್ಟು ಹಿಡಿದು ಕೂತಿವೆ. "ಮಕ್ಕಳು ಹರಿದರೆ ಲೆಕ್ಕ ಕೊಡಬೇಕು ಮೇಡಂ" ಅಂದರು ಟೀಚರ್. ಬೂಷ್ಟಿಗೆ ಯಾರು ಲೆಕ್ಕ ಕೊಡುತ್ತಾರೆ?

ಚೀಲದಿಂದ ಹಸಿದ ಹುಳವನ್ನು ತೆಗೆದೆ. ಕಥೆ ಕನ್ನಡದಲ್ಲೇ ಹೇಳಿದೆ. ಶನಿವಾರ ಹುಳ ಕೇಕು, ಐಸ್‌ಕ್ರೀಂ, ಸಲಾಮಿ ಎಲ್ಲ ಮುಕ್ಕುತ್ತದೆ. ಸಲಾಮಿ ಅಂದರೆ ಏನು ಅಂತ ವಿವರಿಸುತ್ತ ಕೂರುವ ತಾಳ್ಮೆ ನನಗಿಲ್ಲ. ನಮ್ಮ ಅಕ್ಕಿ ಕಡುಬು ಕಡಂಬುಟ್ಟು ತಿಂತು, ಹಂದಿಮಾಂಸದ ಪಂದಿಕರಿ ತಿಂತು, ಹೊಟ್ಟೆನೋವು ಬಂತು ಅಂದೆ. ಭಾನುವಾರ ಒಂದು ಹಸಿರು ಎಲೆ ತಿಂದು ಹುಷಾರಾಯಿತು ಅಂದೆ. ಅಲ್ಲಿಯವರೆಗೆ ತುಟಿ ಬಿಚ್ಚದೆ ಕೂತಿದ್ದ ನಾಲ್ಕು ವರ್ಷದ ಹುಡುಗ ದಡಕ್ಕನೆ ಎದ್ದು, "ಅದು ಮದ್ದುಸೊಪ್ಪು!" ಅಂದ. ಕಕ್ಕಡ 18ಕ್ಕೆ ಕೊಡಗಿನ ಮನೆಗಳಲ್ಲಿ ಮದ್ದುಸೊಪ್ಪಿನ ಪಾಯಸ ಮಾಡುತ್ತಾರೆ. ಅದು ಕಳೆದು ಎರಡು ದಿನ ಆಗಿತ್ತು ಅಷ್ಟೆ. ಪಾಯಸ ತಿಂದದ್ದು, ಮಾರನೇ ದಿನ ಉಚ್ಚೆ ಕೆಂಪಗೆ ಹೋದದ್ದು, ಎಲ್ಲ ವರದಿ ಒಪ್ಪಿಸಿದ. ಬಾನುಲಿಯಲ್ಲಿ ಇದನ್ನೆಲ್ಲ ಹೇಳಬಹುದೋ ಇಲ್ಲವೋ, ಹೇಳಿಬಿಟ್ಟೆ.

ಪುಸ್ತಕ ಅವನ ಕೈಗೇ ಕೊಟ್ಟೆ. ತೂತಿನಲ್ಲಿ ಬೆರಳು ತೂರಿಸಿ ಕೂತ. ಟೀಚರೂ ನಾನೂ ಪಕ್ಕದ ಅಡುಗೆ ಕೋಣೆಗೆ ಕಾಫಿ ಕುಡಿಯಲು ಹೋದೆವು. ಐದೇ ನಿಮಿಷ. ವಾಪಸ್ ಬಂದು ನೋಡಿದರೆ ಮೇಜಿನ ಮೇಲಿದ್ದ ಪಂಚಿಂಗ್ ಮಷಿನ್ ನೆಲದ ಮೇಲಿದೆ. ಇವನು ಎರಡೂ ಕೈಯಲ್ಲಿ ಒತ್ತಿ ಒತ್ತಿ ಹಾಜರಿ ಪುಸ್ತಕಕ್ಕೆ ತೂತು ಹಾಕುತ್ತಿದ್ದಾನೆ. ಜುಲೈ ತಿಂಗಳು ಪೂರ್ತಿ ಖಾಲಿ! ಟೀಚರ್ ತಲೆ ಮೇಲೆ ಕೈ ಹೊತ್ತುಕೊಂಡರು. ನಾನು ನಗಬಾರದಿತ್ತು, ನಕ್ಕೆ. ಕಾರ್ಲ್ ಮಾಡಿದ್ದೂ ಇದನ್ನೇ ತಾನೇ? ಪಾಪ, ಮೇಲಿನವರಿಗೆ ಟೀಚರ್ ವಿವರಣೆ ಬರೆದು ಕೊಡಬೇಕಾಯಿತು. ಏನು ಬರೆದರು ಗೊತ್ತಾ? "ಹಾಜರಿ ಪುಸ್ತಕವನ್ನು ಹುಳ ತಿಂದಿದೆ." ಮಳೆಗಾಲ ನೋಡಿ, ಯಾರೂ ಮರುಪ್ರಶ್ನೆ ಕೇಳಲಿಲ್ಲ.

ಅಯ್ಯೋ, ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಕಾರ್ಲ್ ಚಿತ್ರ ಮಾಡುವ ಬಗೆ ಹೇಳಬೇಕಿತ್ತು. ತೆಳು ಟಿಶ್ಯೂ ಕಾಗದಕ್ಕೆ ಮೊದಲೇ ಬಣ್ಣ ಬಳಿದಿಟ್ಟುಕೊಳ್ಳುತ್ತಿದ್ದರು. ಆಮೇಲೆ ಕತ್ತರಿಸಿ ಅಂಟಿಸುತ್ತಿದ್ದರು. ನೀವೂ ಮಕ್ಕಳ ಜೊತೆ ಮಾಡಿ. ಬಣ್ಣ ಒಣಗದಿದ್ದರೆ ಒಲೆಯ ಹತ್ತಿರ ಹರಡಿ. ಇನ್ನು, ಕಥೆಯ ಕೊನೆಗೆ ಹುಳ ಗೂಡು ಕಟ್ಟಿ ಚಿಟ್ಟೆ ಆಗುತ್ತದೆ. ಚಿಟ್ಟೆ ಆಗುವ ಹುಳ ರೇಷ್ಮೆಹುಳದ ಹಾಗೆ ಗೂಡು ಕಟ್ಟುವುದಿಲ್ಲ, ಪುಸ್ತಕದಲ್ಲಿ ತಪ್ಪಿದೆ ಅಂತ ಕೆಲವರು ತಕರಾರು ತೆಗೆಯುತ್ತಾರೆ. ಹುಳ ಐಸ್‌ಕ್ರೀಂ ತಿಂದದ್ದನ್ನು ಒಪ್ಪಿದ್ದೀರಿ, ಇದನ್ನೂ ಒಪ್ಪಿಬಿಡಿ.

ಕಾರ್ಲ್ 2021ರಲ್ಲಿ, 91ನೇ ವಯಸ್ಸಿನಲ್ಲಿ ತೀರಿಕೊಂಡರು. ಹೆಂಡತಿ ಜೊತೆ ಸೇರಿ ಚಿತ್ರಪುಸ್ತಕಗಳಿಗೆಂದೇ ಒಂದು ಮ್ಯೂಸಿಯಂ ಕಟ್ಟಿದ್ದರು. ಅದರ ಕಥೆ ಇನ್ನೊಮ್ಮೆ ಕರೆದರೆ ಹೇಳುತ್ತೇನೆ. ಈಗ ರೇಡಿಯೋ ಆರಿಸಿದ ಕೂಡಲೇ ಬೀರುವಿನ ಬೀಗ ತೆಗೆಯಿರಿ. ಪುಸ್ತಕಗಳನ್ನೆಲ್ಲ ಹೊರಗೆ ಹಾಕಿ. ಪಂಚಿಂಗ್ ಮಷಿನ್ ಒಳಗಿಟ್ಟು ಬೀಗ ಹಾಕಿ. ನಮಸ್ಕಾರ.