ಸಣ್ಣ ಸೋಡಿಯಂಗೆ ಇಲ್ಲದ ದಾರಿ ದೊಡ್ಡ ಪೊಟ್ಯಾಸಿಯಂಗೆ ಹೇಗೆ?

ಪರದೆ ಮೇಲೆ ತಿರುಗ್ತಾ ಇದೆಯಲ್ಲ, ಇದು ಕೆಸಿಎಸ್‌ಎ ಅನ್ನೋ ಪ್ರೋಟೀನ್, ಜೀವಕೋಶದ ಪೊರೆಯಲ್ಲಿ ಅಯಾನುಗಳಿಗೆ (ಅಂದ್ರೆ ವಿದ್ಯುದಾವೇಶ ಇರೋ ಪರಮಾಣುಗಳಿಗೆ) ದಾರಿಯಾಗೋ ಚಾನಲ್. ಮಣ್ಣಿನ ಒಂದು ಬ್ಯಾಕ್ಟೀರಿಯಾದ್ದು. ಒಂದೇ ಥರದ ನಾಲ್ಕು ತುಂಡು ಸುತ್ತ ನಿಂತಿವೆ, ನಡುವೆ ರಂಧ್ರ. ಪೊಟ್ಯಾಸಿಯಂ ಅಯಾನು ಇದರಲ್ಲಿ ಸರಾಗವಾಗಿ ಹೋಗುತ್ತೆ, ಸೋಡಿಯಂಗೆ ಹೆಚ್ಚುಕಮ್ಮಿ ಪ್ರವೇಶವೇ ಇಲ್ಲ.

ನನ್ನ ತಲೆ ಕೆಡಿಸಿದ್ದು ಇದೇ. ಪೊಟ್ಯಾಸಿಯಂ ತ್ರಿಜ್ಯ ಸುಮಾರು 1.33 ಆಂಗ್‌ಸ್ಟ್ರಾಮ್ (ಮೀಟರ್‌ನ ಸಾವಿರ ಕೋಟಿಯಲ್ಲಿ ಒಂದು ಪಾಲು ಒಂದು ಆಂಗ್‌ಸ್ಟ್ರಾಮ್), ಸೋಡಿಯಂದು 0.95. ಎರಡಕ್ಕೂ ಒಂದೇ ಧನಾವೇಶ. ಜರಡಿ ಲೆಕ್ಕ ಹಿಡಿದ್ರೆ, ದಪ್ಪ ಕಾಳು ಇಳಿಯೋ ಕಡೆ ಸಣ್ಣ ಕಾಳು ಇಳೀಲೇಬೇಕು. ಇಲ್ಲಿ ಉಲ್ಟಾ!

ಉತ್ತರ ಇರೋದು ನೀರಲ್ಲಿ. ನೀರೊಳಗಿನ ಅಯಾನು ಯಾವತ್ತೂ ಒಂಟಿ ಅಲ್ಲ, ನೀರಿನ ಅಣುಗಳು ತಮ್ಮ ಆಮ್ಲಜನಕದ ಬದಿಯನ್ನ ಅದರ ಕಡೆ ತಿರುಗಿಸಿ ಮುತ್ತಿಕೊಂಡಿರ್ತವೆ. ಚಾನಲ್‌ನ ಅತಿ ಕಿರಿದಾದ ಭಾಗ, ಅಂದ್ರೆ ಫಿಲ್ಟರ್, ದಾಟಬೇಕಾದ್ರೆ ಆ ನೀರನ್ನ ಕಳಚಲೇಬೇಕು. ಸೋಡಿಯಂ ಚಿಕ್ಕದು, ನೀರು ಅದಕ್ಕೆ ಇನ್ನೂ ಹತ್ತಿರ ಬಂದು ಬಿಗಿಯಾಗಿ ಅಂಟಿರುತ್ತೆ. ಹಾಗಾಗಿ ಕಳಚೋ ಖರ್ಚು ಪೊಟ್ಯಾಸಿಯಂಗಿಂತ ಮೋಲ್‌ಗೆ ಹೆಚ್ಚುಕಮ್ಮಿ 17–18 ಕಿಲೋಕ್ಯಾಲೊರಿ ಜಾಸ್ತಿ. ಆ ಖರ್ಚನ್ನ ಫಿಲ್ಟರ್ ತುಂಬಿಕೊಡುತ್ತಾ ಇಲ್ವಾ, ಪ್ರಶ್ನೆ ಅಷ್ಟೇ.

1998ರಲ್ಲಿ ವಿಜ್ಞಾನಿ ರಾಡ್ರಿಕ್ ಮ್ಯಾಕಿನನ್ ತಂಡ ಎಕ್ಸ್-ರೇಯಿಂದ ಈ ರಚನೆಯನ್ನ ಕಂಡಾಗ ಫಿಲ್ಟರ್ ಒಳಗೇನಿದೆ ಅಂತ ಗೊತ್ತಾಯ್ತು. 2003ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಅರ್ಧ ಪಾಲು ಇದಕ್ಕೇ. ಫಿಲ್ಟರ್ ಉದ್ದ ಬರೀ 12 ಆಂಗ್‌ಸ್ಟ್ರಾಮ್. ಥ್ರಿಯೋನಿನ್, ವ್ಯಾಲಿನ್, ಗ್ಲೈಸಿನ್, ಟೈರೋಸಿನ್, ಗ್ಲೈಸಿನ್ ಅನ್ನೋ ಐದು ಅಮೈನೋ ಆಮ್ಲಗಳ (ಪ್ರೋಟೀನ್ ಕಟ್ಟೋ ಘಟಕಗಳ) ಸಾಲು. ಅವುಗಳ ಆಮ್ಲಜನಕ ಪರಮಾಣುಗಳು ರಂಧ್ರದ ಒಳಕ್ಕೆ ಮುಖ ಮಾಡಿವೆ. ಪೊಟ್ಯಾಸಿಯಂ ಕೂರೋ ಒಂದೊಂದು ಜಾಗದಲ್ಲೂ ಎಂಟು ಆಮ್ಲಜನಕ. ಕಳಚಿದ ನೀರಿನ ಬದಲಿಗೆ ಇವು ಸಿಗ್ತವೆ, ಪೊಟ್ಯಾಸಿಯಂಗೆ ನಷ್ಟ ಇಲ್ಲ. ಸೋಡಿಯಂಗೆ ಇವೆಲ್ಲ ಒಟ್ಟಿಗೆ ಸಾಕಷ್ಟು ಹತ್ತಿರ ಬರಲ್ಲ, ಖರ್ಚು ವಾಪಸ್ ಬರಲ್ಲ.

ಪಠ್ಯಪುಸ್ತಕ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತೆ. ನನಗೆ ಮಾತ್ರ ಈ ಚಿತ್ರ ಸ್ವಲ್ಪ ಅತಿಯಾಗಿ ಚೊಕ್ಕ ಅನ್ಸುತ್ತೆ. ಪ್ರೋಟೀನ್ ಕಲ್ಲಲ್ಲ ನೋಡಿ. ಶಾಖಕ್ಕೆ ಅದರ ಪರಮಾಣುಗಳು ಅಲುಗಾಡೋ ದೂರವೇ, ಈ ಎರಡು ಅಯಾನುಗಳ ತ್ರಿಜ್ಯದ ವ್ಯತ್ಯಾಸಕ್ಕಿಂತ ದೊಡ್ಡದು. ಅಳತೆಗೆ ಕೂತ್ಕೊಂಡಿದೆ ಅನ್ನೋದು ಪೂರ್ತಿ ಉತ್ತರ ಆಗೋದು ಕಷ್ಟ. 2004ರಲ್ಲಿ ಬೆನ್ವಾ ರೂ ತಂಡ ಕಂಪ್ಯೂಟರ್ ಲೆಕ್ಕ ಹಾಕಿ, ಆ ಆಮ್ಲಜನಕಗಳು ಒಂದನ್ನೊಂದು ದೂರ ತಳ್ಳೋದೂ ಆಯ್ಕೆಗೆ ಕಾರಣ ಅಂದ್ರು. ಚಿಕ್ಕ ಅಯಾನಿನ ಸುತ್ತ ಅವು ಒತ್ತೊತ್ತಾಗಿ ಸೇರೋಕೆ ಒಪ್ಪಲ್ಲ.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ನ್ಯಾಕ್ ಅನ್ನೋ ಬ್ಯಾಕ್ಟೀರಿಯಾ ಚಾನಲ್ ಪೊಟ್ಯಾಸಿಯಂ, ಸೋಡಿಯಂ ಎರಡನ್ನೂ ಹೋಗೋಕೆ ಬಿಡುತ್ತೆ. ಅದರ ಫಿಲ್ಟರ್‌ನಲ್ಲಿ ಸಾಲಾಗಿ ಎರಡೇ ಜಾಗ. ಬದಲಾವಣೆ ಮಾಡಿ ಮೂರಾಗಿಸಿದ್ರೂ ಆಯ್ಕೆ ಬರಲಿಲ್ಲ, ನಾಲ್ಕಾದಾಗ ಬಂತು. ಅಂದ್ರೆ ಒಂದು ಜಾಗದ ಆಕಾರದಷ್ಟೇ ಸಾಲೂ ಮುಖ್ಯ.

ಅಯಾನುಗಳು ಸಾಲಾಗಿ ಹೋಗ್ತವೆ ಅನ್ನೋದನ್ನ ಹಾಜ್ಕಿನ್ ಮತ್ತು ಕೀನ್ಸ್ ಅನ್ನೋ ವಿಜ್ಞಾನಿಗಳು 1955ರಲ್ಲೇ ಊಹಿಸಿದ್ರು. ಕಟಲ್‌ಫಿಶ್ ಅನ್ನೋ ಕಡಲಜೀವಿಯ ದಪ್ಪ ನರತಂತುವಿಗೆ ವಿಕಿರಣಶೀಲ ಪೊಟ್ಯಾಸಿಯಂ ಬಿಟ್ಟು ನೋಡಿದ್ದು, ಆಗ ಚಾನಲ್‌ನ ಒಂದು ಚಿತ್ರವೂ ಇರಲಿಲ್ಲ! ಇಷ್ಟು ಕಟ್ಟುನಿಟ್ಟಾದ ಚಾನಲ್ ಸೆಕೆಂಡಿಗೆ ಕೋಟಿ ಲೆಕ್ಕದಲ್ಲಿ ಅಯಾನು ಸಾಗಿಸೋದೂ ಈ ಸಾಲಿನಿಂದಲೇ. ಹಿಂದಿನದು ಮುಂದಿನದನ್ನ ತಳ್ಳುತ್ತೆ.

ಫಿಲ್ಟರ್ ಕೆಟ್ರೆ? ವೀವರ್ ಅನ್ನೋ ಇಲಿ ತಳಿಯಲ್ಲಿ ಒಂದು ಪೊಟ್ಯಾಸಿಯಂ ಚಾನಲ್‌ನ ಫಿಲ್ಟರ್‌ನಲ್ಲಿ ಒಂದೇ ಒಂದು ಗ್ಲೈಸಿನ್ ಬದಲು ಸೆರಿನ್ ಇದೆ. ಅಷ್ಟಕ್ಕೇ ಸೋಡಿಯಂ ಒಳನುಗ್ಗುತ್ತೆ, ಕಿರುಮೆದುಳಿನ ಜೀವಕೋಶಗಳು ಸಾಯ್ತವೆ, ಇಲಿ ತೂರಾಡಿಕೊಂಡು ನಡೆಯುತ್ತೆ.

ಸೋಡಿಯಂ ಚಾನಲ್‌ನ ಉಪಾಯ ಪೂರ್ತಿ ಬೇರೆ. ಅಲ್ಲಿ ಎರಡು ಅಮೈನೋ ಆಮ್ಲ ಬದಲಿಸಿದ್ರೆ ಅದು ಕ್ಯಾಲ್ಸಿಯಂ ಚಾನಲ್ ಥರ ವರ್ತಿಸುತ್ತೆ ಅಂತ 1992ರಲ್ಲೇ ತೋರಿಸಿದ್ರು. ಅದನ್ನ ಇದೇ ವಿಡಿಯೋಗೆ ತುರುಕಲ್ಲ, ಮುಂದಿನದರಲ್ಲಿ ನೋಡೋಣ.