ಎದ್ದೋನೂ ಲೆಕ್ಕದಲ್ಲೇ ಅವ್ನೆ: ಮ್ಯಾಟ್ರಿಕ್ಸ್ ರಿಲೋಡೆಡ್ ಬಗ್ಗೆ ವಸಿ ಜಗಳ

ನಮಸ್ಕಾರ ಕಣ್ರಪ್ಪ ಎಲ್ರಿಗೂ, ಮಂಡ್ಯದಿಂದ ಮತ್ತೆ ಬಂದಿವ್ನಿ. ಇವತ್ತು ಬೇರೆ ಟಾಪಿಕ್‌ಗೆ ಸ್ಕ್ರಿಪ್ಟ್ ರೆಡಿ ಇತ್ತು, ಬಿಸಾಕ್ದೆ. ಯಾಕಂದ್ರೆ ಹೋದ್ ವಿಡಿಯೋ ಕೆಳಗೆ ಒಬ್ರು ಕಾಮೆಂಟ್ ಹಾಕವ್ರೆ, "ಬ್ರೋ, ಮ್ಯಾಟ್ರಿಕ್ಸ್ ಅಂದ್ರೆ ಮೊದಲ್ನೇದೊಂದೇ, ರಿಲೋಡೆಡ್ ಬರೀ ಫೈಟು, ಅದ್ರಲ್ಲಿ ಫಿಲಾಸಫಿ ಹುಡುಕ್ಬೇಡಿ" ಅಂತ. ಮ್ಯಾಟ್ರಿಕ್ಸ್ ಅಂದ್ರೆ ಹಾಲಿವುಡ್ ಪಿಕ್ಚರ್, ರಿಲೋಡೆಡ್ ಅದ್ರ ಎರಡನೇ ಭಾಗ. ಅದಕ್ಕೆ ಲೈಕ್ ಬೇರೆ ಸುರಿದವ್ರೆ, ನನ್ ವಿಡಿಯೋಗಿಂತ ಜಾಸ್ತಿ. ಉರ್ದೋಯ್ತು.

ಕೇಳಿ ಇಲ್ಲಿ. 1999ರ ಮೊದಲ್ನೇ ಪಿಕ್ಚರ್ ಹೇಳೋದು ಸಲೀಸು. ನೀನು ಬದುಕ್ತಿರೋ ಲೋಕ ಮೆಷಿನ್‌ಗಳು ಕಟ್ಟಿರೋ ಪ್ರೋಗ್ರಾಮು, ಕೆಂಪು ಮಾತ್ರೆ ನುಂಗು, ಎದ್ದೇಳು, ಬಡಿದಾಡು. ಚಪ್ಪಾಳೆ, ಶಿಳ್ಳೆ. 2003ರಲ್ಲಿ ರಿಲೋಡೆಡ್ ಬಂದು ಆ ಶಿಳ್ಳೆ ಹೊಡ್ದೋನ ಕಪಾಳಕ್ಕೇ ಬಾರಿಸ್ತದೆ. ನಿದ್ದೆ ಮಾಡೋನು ಹೆಂಗೆ ಆ ಮೆಷಿನ್‌ಗಳ ಲೆಕ್ಕದಲ್ಲಿ ಅವ್ನೋ, ಎದ್ದೋನೂ ಹಂಗೇ ಅವುಗಳ ಲೆಕ್ಕದಲ್ಲೇ ಅವ್ನೆ. ಇಷ್ಟೇ ನನ್ ಪಾಯಿಂಟು. ಇವತ್ತು ಪೂರ್ತಿ ಇದನ್ನೇ ಹೇಳ್ತೀನಿ, ಬೇಜಾರಾದ್ರೆ ಸ್ಪೀಡ್ ಜಾಸ್ತಿ ಮಾಡ್ಕಳಿ.

ರಿಲೋಡೆಡ್‌ನ ಆರ್ಕಿಟೆಕ್ಟ್ ಸೀನ್ ನೆನಪೈತಾ? ಆ ಮ್ಯಾಟ್ರಿಕ್ಸ್ ಲೋಕನ ಕಟ್ಟಿರೋ ಪ್ರೋಗ್ರಾಮೇ ಅವ್ನು. ಬಿಳಿ ಗಡ್ಡ, ಬಿಳಿ ಸೂಟು, ಸುತ್ತ ಟಿವಿಗಳು, ಡಿಕ್ಷನರಿ ನುಂಗ್ದೋನ್ ಥರ ಇಂಗ್ಲಿಷು. ಎಲ್ರೂ ಅಲ್ಲೇ ಮೊಬೈಲ್ ತೆಗೆದ್ರಿ, ಅದಕ್ಕೇ ಅರ್ಥ ಆಗಿಲ್ಲ. ಅವ್ನು ಏನ್ ಹೇಳ್ತಾನೆ ಅಂದ್ರೆ, ಮೊದ್ಲು ಸ್ವರ್ಗದಂಥ ಲೋಕ ಕಟ್ದೆ, ಕೆಟ್ಟೋಯ್ತು. ಆಮೇಲೆ ಮನುಷ್ಯರ ಕಷ್ಟ ಕ್ರೌರ್ಯ ಎಲ್ಲ ತುಂಬ್ಸಿ ಕಟ್ದೆ, ಅದೂ ಕೆಟ್ಟೋಯ್ತು. ಕೊನೆಗೆ ಒರಾಕಲ್ ಅಂತ ಭವಿಷ್ಯ ಹೇಳೋ ಇನ್ನೊಂದು ಪ್ರೋಗ್ರಾಮು ಕಂಡುಹಿಡಿದ ಉಪಾಯ, ಜನಕ್ಕೆ ಒಂದು ಆಯ್ಕೆ ಕೊಟ್ಬುಡು, ಅದು ಅವ್ರ ಗಮನಕ್ಕೇ ಬರದಷ್ಟು ಚಿಕ್ಕದಾದ್ರೂ ಪರವಾಗಿಲ್ಲ, 100ಕ್ಕೆ 99 ಜನ ತೆಪ್ಪಗೆ ಒಪ್ಕೊತಾರೆ. ಒಪ್ಪದೇ ಇರೋರು? ಅವ್ರಿಗೇ ಝಯಾನ್ ಅನ್ನೋ ಊರು. ಅಲ್ಲಿ ಹೋಗಿ ಕ್ರಾಂತಿ ಮಾಡ್ಕಳಿ. ಊರು ದೊಡ್ಡದಾದಾಗ ಅಳಿಸಾಕೋದು, 16 ಹೆಂಗಸ್ರು 7 ಗಂಡಸ್ರು ಅಂತ ಆರಿಸಿ ಮತ್ತೆ ಊರು ಕಟ್ಸೋದು. ಐದ್ ಸಲ ಹಿಂಗೇ ಆಗೈತೆ, ನಮ್ ಹೀರೋ ನಿಯೋ ಆರನೇಯವ್ನು! ಅವನೇ ಅವತಾರ ಪುರುಷ ಅಂತ ಕೂತಿದ್ರಲ್ಲ, ಅವ್ನು ಸರ್ವೀಸಿಂಗ್ ಮಾಡೋ ಮೆಕ್ಯಾನಿಕ್ ಅಷ್ಟೇ.

ಇದು ಬೇರೆಯವ್ರಿಗೆ ಅರ್ಥ ಆಗ್ದಿದ್ರೆ ಬುಡಿ, ಕನ್ನಂಬಾಡಿ ನೀರು ಕುಡ್ದೋರಿಗೂ ಅರ್ಥ ಆಗ್ಲಿಲ್ಲ ಅಂದ್ರೆ ಹೆಂಗ್ರೀ? 124.80 ಅಡಿ ತುಂಬೋ ಹೊತ್ಗೆ ಗೇಟ್ ಎತ್ತುತಾರೆ, ನೀರು ಭೋರ್ ಅಂತ ನುಗ್ತದೆ, ನಾವು ಸಂಸಾರ ಸಮೇತ ಹೋಗಿ ರೀಲ್ಸ್ ಮಾಡ್ತೀವಿ. ಆ ನೀರು ಕಟ್ಟೆ ಒಡ್ಕೊಂಡ್ ಬಂತಾ? ಕಟ್ಟೆ ಒಡೀಬಾರ್ದು ಅಂತಲೇ ಗೇಟ್ ಮಡಗಿರೋದು. ಝಯಾನ್ ಅನ್ನೋದು ಆ ಗೇಟು ಕಣ್ರೋ. ನಿಯೋ, ಅವ್ನ ಗುರು ಮಾರ್ಫಿಯಸ್ಸು, ನಿಯೋ ಹುಡ್ಗಿ ಟ್ರಿನಿಟಿ ಎಲ್ಲ ಆ ಭೋರ್ ಅನ್ನೋ ಸದ್ದು.

ಈಗ ವೇದಾಂತಿಗಳು ಬರ್ತಾರೆ. "ಇದೆಲ್ಲ ನಮ್ ಮಾಯಾವಾದ ಸಾರ್, ಅವ್ರು ಕದ್ದಿರೋದು." ಹೌದೌದು, ಮೂರನೇ ಭಾಗದ ಕೊನೆ ಟೈಟಲ್ಸಲ್ಲಿ ಅಸತೋ ಮಾ ಸದ್ಗಮಯ ಕೇಳ್ಸುತ್ತೆ, ಮೈ ಜುಂ ಅಂತದೆ, ಕಾಫಿ ಕುಡೀರಿ. ಆದ್ರೆ ಸ್ವಾಮಿ, ನಿಮ್ಮ ಮಾಯೇಲಿ ಎಚ್ಚರ ಆದ್ರೆ ಕಥೆ ಮುಗೀತು, ಮೋಕ್ಷ. ಇಲ್ಲಿ ಎಚ್ಚರ ಆಗೋದಕ್ಕೂ ಒಂದು ಕಾಲಂ ಹಾಕಿ ಮಡಗವ್ರೆ, ಎದ್ದೋನೂ ಲೆಕ್ಕದಲ್ಲೇ ಅವ್ನೆ! ಮೊದಲ್ನೇ ಭಾಗಕ್ಕೆ ಮಾಯೆ ಅನ್ನಿ, ಎರಡನೇದಕ್ಕೆ ತರಬ್ಯಾಡಿ.

ಫೈಟಿನ ಬಗ್ಗೆನೂ ಹೇಳ್ಬುಡ್ತೀನಿ. ಆ ಹೈವೇ ಚೇಸ್‌ಗೆ ಅಂತಲೇ ಕ್ಯಾಲಿಫೋರ್ನಿಯಾದ ಅಲಮೀಡಾದಲ್ಲಿ, ಹಳೇ ನೇವಿ ಬೇಸಲ್ಲಿ, ಒಂದೂವರೆ ಮೈಲಿ ರೋಡನ್ನೇ ಕಟ್ಟಿದ್ರು. ಟ್ರಿನಿಟಿ ಡುಕಾಟಿ ಓಡ್ಸ್ಕಂಡು ರಾಂಗ್ ಸೈಡಲ್ಲಿ ಬತ್ತಾಳೆ. ನಮ್ ಬೆಂಗ್ಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಲಿ ಬೈಕನ್ನ 2023ರಲ್ಲೇ ನಿಲ್ಸವ್ರೆ, ಇಲ್ಲಿ ಶೂಟಿಂಗ್ ಆಗಿದ್ರೆ ಪಾಪ ಸರ್ವೀಸ್ ರೋಡಲ್ಲೇ ಜಗತ್ತು ಉಳಿಸ್ಬೇಕಿತ್ತು. ಅಂದಂಗೆ ಝಯಾನ್ ಕೌನ್ಸಿಲಲ್ಲಿ ಕೂತಿರೋರಲ್ಲಿ ಒಬ್ರು ಕಾರ್ನೆಲ್ ವೆಸ್ಟ್, ನಿಜವಾದ ಫಿಲಾಸಫಿ ಪ್ರೊಫೆಸರ್ರು. ಫಿಲಾಸಫಿ ಇಲ್ಲ ಅಂತೀರಲ್ಲ, ಮೇಷ್ಟ್ರನ್ನೇ ಕರ್ಕೊಂಡ್ ಬಂದು ಕೂರ್ಸವ್ರೆ, ಇನ್ನೇನ್ ಸರ್ಟಿಫಿಕೇಟ್ ಬೇಕು?

ಒಂದ್ ನಿಮಿಷ, ಈ ಎಪಿಸೋಡ್ ಸ್ಪಾನ್ಸರ್ ನಮ್ ಚಿಕ್ಕಪ್ಪನ ಆಲೆಮನೆ, ಅಚ್ಚು ಬೆಲ್ಲ, ಸಕ್ರೆ ಬೆರಕೆ ಇಲ್ಲ, ಲಿಂಕ್ ಕೆಳಗೈತೆ. ದುಡ್ಡೇನೂ ಕೊಟ್ಟಿಲ್ಲ, ಬೆಲ್ಲನೇ ಕೊಟ್ಟಿರೋದು.

ಎಲ್ಲಿದ್ದೆ? ಹಾಂ, ಹಾಮನ್, ಝಯಾನ್ ಕೌನ್ಸಿಲಿನ ಹಿರಿಯ. ಆ ಮುದುಕಪ್ಪ ನಡುರಾತ್ರೀಲಿ ನಿಯೋನ ಊರಿನ ತಳಕ್ಕೆ ಕರ್ಕೊಂಡೋಗಿ ಮೆಷಿನ್ ತೋರಿಸ್ತಾನೆ. ನೀರು ಕೊಡೋದು ಮೆಷಿನ್ನು, ಶಾಖ ಗಾಳಿನೂ ಮೆಷಿನ್ನು. ಬೇಕಂದ್ರೆ ಆಫ್ ಮಾಡ್ಬೋದಲ್ಲ ಅಂತಾನೆ ನಿಯೋ. ಮಾಡಪ್ಪ, ಆಮೇಲೆ ಉಸಿರಾಡೋದ್ ಹೆಂಗೆ? ಒಂದ್ ಗುದ್ದಾಟ ಇಲ್ಲ, ಇಬ್ರು ನಿಂತ್ಕಂಡು ಮಾತಾಡೋದಷ್ಟೇ, ಇಡೀ ಮೂರು ಪಿಕ್ಚರಲ್ಲಿ ನಂಗೆ ಇದಕ್ಕಿಂತ ಭಯ ಆಗೋ ಸೀನಿಲ್ಲ. ಮೆಷಿನ್ನಿಂದ ತಪ್ಪಿಸ್ಕೊಂಡು ಬಂದೋರು ಮೆಷಿನ್ ಮೇಲೇ ಮಲಗವ್ರೆ.

"ಆದ್ರೆ ಆರ್ಕಿಟೆಕ್ಟ್ ಎರಡು ಬಾಗ್ಲು ತೋರಿಸ್ದಾಗ ನಿಯೋ ಊರು ಮತ್ತೆ ಕಟ್ಸೋ ಬಾಗ್ಲು ಬುಟ್ಟು ಬೇರೆ ಬಾಗ್ಲು ಆರಿಸ್ದ, ಟ್ರಿನಿಟಿಗೋಸ್ಕರ, ಸಿಸ್ಟಮ್ ಒಡೀತು" ಅಂತೀರಾ? ಒಡೀತಂತೆ! ಯಾವ್ ಬಾಗ್ಲಿಗೆ ಹೋಗ್ತಾನೆ ಅಂತ ಆ ಗಡ್ಡದವ್ನಿಗೆ ಮುಂಚೇನೇ ಗೊತ್ತು. ಮೂರನೇ ಭಾಗ ಮುಗಿಯೋವಾಗ ಏನಾಗ್ತದೆ? ಮೆಷಿನ್‌ಗಳಿಗೂ ಮನುಷ್ಯರಿಗೂ ರಾಜಿ. ಮ್ಯಾಟ್ರಿಕ್ಸ್ ನಡೀತಾನೇ ಐತೆ, ಹೋಗ್ಬೇಕು ಅನ್ನೋರು ಹೋಗ್ಬೋದು. ಗೇಟ್ ಅಗಲ ಮಾಡಿದ್ರು ಅಷ್ಟೇ ಕಣ್ರಯ್ಯಾ! ಎದ್ದೋನೂ ಲೆಕ್ಕದಲ್ಲೇ!

ಅದೇ ಪಿಕ್ಚರಿನ ಮೆರೊವಿಂಜಿಯನ್ ಅನ್ನೋ ಪಾತ್ರದ ಬಗ್ಗೆನೂ ಬರ್ಕೊಂಡಿದ್ದೆ, ನನ್ ಅಕ್ಷರ ನಂಗೇ ಓದೋಕಾಗ್ತಿಲ್ಲ, ಏನೋ ಕೇಕು ಅಂತ ಐತೆ. ವಿಲನ್ ಸ್ಮಿತ್ ಬಗ್ಗೆ ಬ್ಯಾರೇ ವಿಡಿಯೋನೇ ಮಾಡ್ತೀನಿ, ಅದಕ್ಕಾದ್ರೂ ಸಬ್‌ಸ್ಕ್ರೈಬ್ ಆಗಿ. ಒಪ್ಪದೇ ಇರೋರು ಕೆಳಗಡೆನೇ ಬೈರಿ, ಮನಸಾರೆ ಬೈರಿ, ಯೂಟ್ಯೂಬ್ ಅದನ್ನೂ ಎಂಗೇಜ್‌ಮೆಂಟ್ ಅಂತಲೇ ಬರ್ಕೊತದೆ, ನಂಗೇನೂ ಲಾಸಿಲ್ಲ.